ಒಂಬತ್ತು ದಿನದ ಸೊನ್ನೆ

“ಎಷ್ಟು ಜನ ಓದ್ತಾರ್ರಪ್ಪಾ ಇದನ್ನ?”

ಜುಲೈ ಕೊನೆಯಲ್ಲಿ ನಮ್ಮ ಸಂಘದ ಸಲಹೆಗಾರ ಸರ್ ಕೇಳಿದ ಪ್ರಶ್ನೆ ಇದು. ನವೆಂಬರ್‌ನಲ್ಲಿ ಈ ಪತ್ರಿಕೆಯ ಹೋಸ್ಟಿಂಗ್, ಡೊಮೇನ್ ಎರಡೂ ನವೀಕರಣ ಆಗಬೇಕಿತ್ತು. ದುಡ್ಡು ಕೊಡುವುದು ವಿದ್ಯಾರ್ಥಿ ಚಟುವಟಿಕೆಗಳ ಸಮಿತಿ. ಸಮಿತಿಯ ಮುಂದೆ ಅರ್ಜಿ ಇಡಬೇಕು ಅಂದ್ರೆ ಸರ್ ಸಹಿ ಬೇಕು. ಸಹಿ ಹಾಕೋ ಮುಂಚೆ ಅವರು ಪೆನ್ನಿನ ಕ್ಯಾಪ್ ತೆಗೆದು ಕೈಯಲ್ಲಿ ಹಿಡಿದುಕೊಂಡು ಈ ಪ್ರಶ್ನೆ ಕೇಳಿದರು.

ನಾವು, “ತುಂಬಾ ಜನ ಸರ್” ಅಂದೆವು.

“ತುಂಬಾ ಅಂದ್ರೆ?”

ಉತ್ತರ ಇರಲಿಲ್ಲ. ಸರ್ ಮೆಕ್ಯಾನಿಕಲ್ ವಿಭಾಗದವರು, ಮೆಟ್ರಾಲಜಿ ಪಾಠ ಮಾಡ್ತಾರೆ. ಅವರ ಮುಂದೆ ‘ತುಂಬಾ’ ಅನ್ನೋ ಅಳತೆ ನಡೆಯೋದಿಲ್ಲ. ಕ್ಯಾಪ್ ಮತ್ತೆ ಪೆನ್ನಿಗೆ ಹಾಕಿ, “ಮೂರು ತಿಂಗಳ ಲೆಕ್ಕ ತನ್ನಿ, ಆಮೇಲೆ ನೋಡೋಣ” ಅಂದರು.

ಹಾಗೆ ಶುರುವಾಯ್ತು ನಮ್ಮ ಅನಲಿಟಿಕ್ಸ್ ಪ್ರಕರಣ. ಇದನ್ನ ಬರೀತಿರೋದಕ್ಕೆ ಎರಡು ಕಾರಣ. ಒಂದು, ಕ್ಯಾಂಪಸ್ಸಿನ ಬೇರೆ ಸಂಘಗಳವರೂ ಈಗ ಸ್ವಂತ ಜಾಲತಾಣ ಮಾಡ್ಕೊಳ್ತಿದ್ದಾರೆ, ನಾವು ಬಿದ್ದ ಗುಂಡಿಗೆ ಅವರು ಬೀಳೋದು ಬೇಡ. ಇನ್ನೊಂದು, ಒಬ್ಬ ಹುಡುಗನಿಗೆ ನಾವು ಬಹಿರಂಗವಾಗಿಯೇ ಒಂದು ಮಾತು ಹೇಳಬೇಕಿದೆ.

ಈ ಪತ್ರಿಕೆ ನಡೆಯೋದು ವರ್ಡ್‌ಪ್ರೆಸ್ ಮೇಲೆ. ಲಾಗಿನ್ ಆದ್ರೆ ಡ್ಯಾಶ್‌ಬೋರ್ಡ್‌ನಲ್ಲಿ ಎಷ್ಟು ಬರಹ ಇದೆ, ಎಷ್ಟು ಕಮೆಂಟ್ ಬಂದಿದೆ ಅಂತ ಕಾಣತ್ತೆ. ಎಷ್ಟು ಜನ ಓದಿದರು ಅನ್ನೋದು ಮಾತ್ರ ಕಾಣಲ್ಲ. ವರ್ಡ್‌ಪ್ರೆಸ್ ತಾನಾಗಿ ಆ ಲೆಕ್ಕ ಇಡೋದೇ ಇಲ್ಲ. ಬರಹ ಹಾಕೋದು, ಜೋಡಿಸಿ ತೋರಿಸೋದು ಅಷ್ಟೇ ಅದರ ಕೆಲಸ. ಓದುಗರನ್ನು ಎಣಿಸಲಿಕ್ಕೆ ಹೊರಗಿನಿಂದ ಒಂದು ಮೀಟರ್ ತಂದು ಕೂರಿಸಬೇಕು. ನಾವು ಗೂಗಲ್ ಅನಲಿಟಿಕ್ಸ್ ಅನ್ನೇ ಆರಿಸಿಕೊಂಡೆವು. ಪುಕ್ಕಟೆ ಸಿಗತ್ತೆ, ಯೂಟ್ಯೂಬಿನಲ್ಲಿ ವಿಡಿಯೋ ರಾಶಿ ಇದೆ, ಅದಕ್ಕಿಂತ ದೊಡ್ಡ ಕಾರಣ ಏನೂ ಇರಲಿಲ್ಲ.

ಆ ವಿಡಿಯೋಗಳಿಂದಲೇ ಮೊದಲ ಸಂಜೆ ಹಾಳಾಯ್ತು. ಗೂಗಲ್ ಈ ಸೇವೆ ಶುರು ಮಾಡಿದ್ದು 2005ರಲ್ಲಿ, ಅರ್ಚಿನ್ ಅನ್ನೋ ಕಂಪನಿಯನ್ನು ಕೊಂಡುಕೊಂಡ ಮೇಲೆ. ಆಮೇಲೆ ಇದು ಹಲವು ಸಲ ರೂಪ ಬದಲಿಸಿದೆ. ಹಳೆಯ ‘ಯೂನಿವರ್ಸಲ್’ ಅನಲಿಟಿಕ್ಸ್ 2023ರ ಜುಲೈ 1ಕ್ಕೆ ನಿಂತುಹೋಯ್ತು. ಈಗ ಇರೋದು ಜಿಎ 4. ಆದ್ರೆ ಹುಡುಕಿದಾಗ ಸಿಕ್ಕ ವಿಡಿಯೋಗಳಲ್ಲಿ ಅರ್ಧದಷ್ಟು ಹಳೆಯವು. ಅದರಲ್ಲಿ ಯುಎ ಅಂತ ಶುರುವಾಗೋ ಐಡಿ ತೋರಿಸ್ತಾರೆ. ನಾವು ಅದನ್ನ ಎರಡು ಗಂಟೆ ಹುಡುಕಿದ್ದೇ ಬಂತು. ಈಗಿನದ್ದು ಜಿ ಅಕ್ಷರದಿಂದ ಶುರುವಾಗತ್ತೆ.

ಕ್ರಮ ಇಷ್ಟೇ. ಒಂದು ಅಕೌಂಟ್, ಅದರೊಳಗೆ ಒಂದು ಪ್ರಾಪರ್ಟಿ, ಅದರೊಳಗೆ ನಮ್ಮ ತಾಣಕ್ಕೊಂದು ಡೇಟಾ ಸ್ಟ್ರೀಮ್. ಸ್ಟ್ರೀಮ್ ಮಾಡಿದ ತಕ್ಷಣ ಆ ಜಿ ಐಡಿ ಮತ್ತು ಒಂದು ಚಿಕ್ಕ ಜಾವಾಸ್ಕ್ರಿಪ್ಟ್ ತುಣುಕು ಸಿಗತ್ತೆ. ಆ ತುಣುಕು ತಾಣದ ಪ್ರತಿ ಪುಟದ ತಲೆಯಲ್ಲಿ ಕೂತಿರಬೇಕು. ಯಾರಾದರೂ ಪುಟ ತೆರೆದರೆ ಅವರ ಬ್ರೌಸರ್ ಅದನ್ನು ಓಡಿಸಿ ‘ಒಂದು ಪುಟ ತೆರೆಯಿತು’ ಅಂತ ಗೂಗಲಿಗೆ ಸುದ್ದಿ ಕಳಿಸತ್ತೆ. ಎಲ್ಲ ವರದಿಗಳೂ ಈ ಸುದ್ದಿಯ ಮೇಲೆ ನಿಂತಿರೋದು. ಸುದ್ದಿ ಹೋಗದಿದ್ದರೆ ಓದುಗ ಬಂದೇ ಇಲ್ಲ ಅಂತ ಲೆಕ್ಕ.

ನಾವು ಆ ತುಣುಕನ್ನು ಥೀಮಿನ ಹೆಡರ್ ಕಡತಕ್ಕೆ ನೇರವಾಗಿ ಅಂಟಿಸಿದೆವು. ‘ಹೀಗೆ ಮಾಡಬೇಡಿ, ಚೈಲ್ಡ್ ಥೀಮ್ ಮಾಡ್ಕೊಳ್ಳಿ’ ಅಂತ ಕೆಂಪಕ್ಷರದಲ್ಲಿ ಎಲ್ಲರೂ ಬರೆದಿರ್ತಾರೆ. ನಾವೂ ಓದಿದ್ದೆವು. ‘ಆಮೇಲೆ ಮಾಡೋಣ’ ಅನ್ನೋ ಪಟ್ಟಿಗೆ ಸೇರಿಸಿದ್ದೆವು.

ಅಂಟಿಸಿ, ಸೇವ್ ಕೊಟ್ಟು, ರಿಯಲ್‌ಟೈಮ್ ಅನ್ನೋ ವರದಿ ತೆರೆದು ಕೂತೆವು. ಕಳೆದ 30 ನಿಮಿಷದಲ್ಲಿ ಯಾರು ಬಂದರು ಅಂತ ತೋರಿಸೋ ಪರದೆ ಅದು. ನಮ್ಮಲ್ಲೊಬ್ಬರು ಫೋನಿನಲ್ಲಿ ಪತ್ರಿಕೆ ತೆರೆದರು. ಪರದೆಯಲ್ಲಿ ಸೊನ್ನೆ ಹೋಗಿ ಒಂದು ಬಂತು. ಹಾಸ್ಟೆಲ್ ರೂಮಿನಲ್ಲಿ ಕೇಕೆ ಹಾಕಿದೆವು. ಪಕ್ಕದ ರೂಮಿನವರು ಐಪಿಎಲ್ ಇಲ್ದಿರೋ ಕಾಲದಲ್ಲಿ ಏನು ಗಲಾಟೆ ಅಂತ ಬಾಗಿಲು ತಟ್ಟಿದರು. ಅವರ ಫೋನಿನಲ್ಲೂ ತೆರೆಸಿದೆವು. ಎರಡಾಯ್ತು.

ಮೊದಲ ತಿಂಗಳು ಹುಚ್ಚು ಹಿಡಿದ ಹಾಗೆ ನೋಡಿದ್ದೇ ನೋಡಿದ್ದು. ಕ್ಲಾಸಿನಲ್ಲಿ, ಮೆಸ್ಸಿನ ಕ್ಯೂನಲ್ಲಿ, ಮಲಗೋ ಮುಂಚೆ. ಸಾಮಾನ್ಯ ವರದಿಗಳು ಪೂರ್ತಿ ತುಂಬಲಿಕ್ಕೆ ಒಂದೆರಡು ದಿನ ಬೇಕು ಅಂತ ಗೊತ್ತಿಲ್ಲದೆ, ಬೆಳಿಗ್ಗೆ ಹಾಕಿದ ಬರಹಕ್ಕೆ ಮಧ್ಯಾಹ್ನ ಏನೂ ಕಾಣದೆ ಬೇಜಾರು ಮಾಡ್ಕೊಂಡಿದ್ದೂ ಉಂಟು. ಅದಕ್ಕಿಂತ ತಮಾಷೆ ಗಂಟೆಯ ಲೆಕ್ಕದ್ದು. ಯಾವ ಹೊತ್ತಿನಲ್ಲಿ ಹೆಚ್ಚು ಓದ್ತಾರೆ ಅಂತ ನೋಡಿದ್ರೆ ಬೆಳಿಗ್ಗೆ ಹತ್ತಕ್ಕೆ ಗ್ರಾಫ್ ಗುಡ್ಡದ ಹಾಗೆ ಏರಿತ್ತು. ಬೆಳಿಗ್ಗೆ ಹತ್ತು ಅಂದ್ರೆ ಮೊದಲೆರಡು ಪೀರಿಯಡ್. ನಮ್ಮ ಹುಡುಗರು ಕ್ಲಾಸಿನಲ್ಲಿ ಕೂತು ಕನ್ನಡ ಓದ್ತಾರೆ ಅಂತ ಎದೆಯುಬ್ಬಿಸಿಕೊಂಡು, ವಾಟ್ಸಾಪ್ ಗುಂಪುಗಳಿಗೆ ಲಿಂಕ್ ಕಳಿಸೋ ಹೊತ್ತನ್ನು ಬೆಳಿಗ್ಗೆ ಒಂಬತ್ತೂವರೆಗೆ ಬದಲಿಸಿದೆವು. ಪ್ರಾಪರ್ಟಿ ಮಾಡುವಾಗ ಟೈಮ್ ಜೋನ್ ಕೇಳಿರ್ತಾರೆ. ಅಲ್ಲಿ ಮೊದಲೇ ಅಮೆರಿಕದ ಪಶ್ಚಿಮ ಕರಾವಳಿಯ ಹೊತ್ತು ತುಂಬಿತ್ತು, ನಾವು ನೋಡದೆ ಮುಂದೆ ಅಂತ ಒತ್ತಿದ್ದೆವು. ಅವರ ಬೆಳಿಗ್ಗೆ ಹತ್ತು ಅಂದ್ರೆ, ಅವರು ಗಡಿಯಾರ ಒಂದು ಗಂಟೆ ಮುಂದಿಟ್ಟಿರೋ ತಿಂಗಳುಗಳಲ್ಲಿ, ನಮ್ಮ ರಾತ್ರಿ ಹತ್ತೂವರೆ. ಎಲ್ಲರೂ ಹಾಸ್ಟೆಲ್ಲಿನಲ್ಲಿ ಹಾಸಿಗೆ ಮೇಲೆ ಬಿದ್ದುಕೊಂಡೇ ಓದ್ತಿದ್ರು. ಇದು ಗೊತ್ತಾಗಿದ್ದು ನವೆಂಬರ್‌ನಲ್ಲಿ.

ನಗರಗಳ ಪಟ್ಟಿಯದ್ದೂ ಇದೇ ಕಥೆ. ನಮ್ಮ ಕಾಲೇಜು ಬೆಂಗಳೂರಿನಲ್ಲಿಲ್ಲ. ಆದ್ರೂ ಓದುಗರಲ್ಲಿ ಹೆಚ್ಚಿನವರು ಬೆಂಗಳೂರು ಅಂತ ಬರ್ತಿತ್ತು. ಊರನ್ನು ಐಪಿ ವಿಳಾಸ ನೋಡಿ ಅಂದಾಜು ಮಾಡ್ತಾರೆ, ಮೊಬೈಲ್ ಡೇಟಾ ಬಳಸೋರ ಐಪಿ ಎಲ್ಲಿಯದ್ದೋ ಕಾಣತ್ತೆ. ‘ರಾಜಧಾನಿಯಲ್ಲೂ ನಮಗೆ ಓದುಗರಿದ್ದಾರೆ’ ಅಂತ ಸರ್‌ಗೆ ಹೇಳಿದ್ದು ಈಗ ನೆನೆಸಿಕೊಂಡ್ರೆ ನಾಚಿಕೆ ಆಗತ್ತೆ.

ಇವೆಲ್ಲ ನಗುವಂಥ ತಪ್ಪುಗಳು. ನಗಲಾಗದ್ದು ಸೆಪ್ಟೆಂಬರಿನದ್ದು.

ಸೆಪ್ಟೆಂಬರ್ 12ರ ಶುಕ್ರವಾರ ಎರಡನೇ ವರ್ಷದ ಎಲೆಕ್ಟ್ರಿಕಲ್ ಹುಡುಗನ ಬರಹ ಹಾಕಿದೆವು. ಡಿಪ್ಲೊಮಾ ಮುಗಿಸಿ ಲ್ಯಾಟರಲ್ ಎಂಟ್ರಿಯಲ್ಲಿ ಬಂದವನು. ಹೈಸ್ಕೂಲಿನವರೆಗೆ ಕನ್ನಡ ಮಾಧ್ಯಮ. ಅವನ ಸೋದರಮಾವನದ್ದು ತಾಲ್ಲೂಕು ಕೇಂದ್ರದಲ್ಲಿ ಮೋಟಾರ್ ವೈಂಡಿಂಗ್ ಅಂಗಡಿ. ಬೇಸಿಗೆ ಬಂತು ಅಂದ್ರೆ ಸುತ್ತಲ ಹಳ್ಳಿಗಳಿಂದ ಸುಟ್ಟ ಪಂಪ್‌ಸೆಟ್ ಮೋಟಾರುಗಳು ಟ್ರ್ಯಾಕ್ಟರಿನಲ್ಲಿ ಬಂದು ಬೀಳ್ತವಂತೆ. ರಜೆಯಲ್ಲಿ ಅಲ್ಲಿ ಕೂತು ತಂತಿ ಸುತ್ತುತ್ತಾ, ವಾರ್ನಿಷ್ ವಾಸನೆಯಲ್ಲಿ, ಮೂರು ಫೇಸಿನಲ್ಲಿ ಒಂದು ಕೈಕೊಟ್ರೆ ಮೋಟಾರ್ ಯಾಕೆ ಗುಂಯ್ ಅಂತ ಕೂತು ಸುಟ್ಟುಹೋಗತ್ತೆ ಅಂತ ಮಾವನ ಬಾಯಲ್ಲಿ ಕೇಳಿದ್ದು, ಆಮೇಲೆ ಅದನ್ನೇ ಕ್ಲಾಸಿನಲ್ಲಿ ಇಂಗ್ಲಿಷಿನಲ್ಲಿ ಕೇಳಿದಾಗ ‘ಅಯ್ಯೋ ಇದು ನಂಗೊತ್ತು’ ಅನಿಸಿದ್ದು. ಬರಹದ ತಲೆಬರಹ ‘ಮಾವನ ಅಂಗಡಿಯಲ್ಲಿ ಕಲಿತ ತ್ರೀ ಫೇಸ್’. ಮೂರು ಕಂತು ಬರೀತೀನಿ ಅಂದಿದ್ದ. ಎರಡನೆಯದ್ದನ್ನು ಅವನೇ ಲಾಗಿನ್ ಆಗಿ ಡ್ರಾಫ್ಟ್‌ನಲ್ಲಿ ಹಾಕಿಟ್ಟಿದ್ದ.

ಅಕ್ಟೋಬರ್ 1ಕ್ಕೆ ಸೆಪ್ಟೆಂಬರಿನ ವರದಿ ತೆರೆದೆವು. ಯಾವ ಬರಹಕ್ಕೆ ಎಷ್ಟು ವೀಕ್ಷಣೆ ಅನ್ನೋ ಪಟ್ಟಿ. 5ನೇ ತಾರೀಕಿನ ಮೆಸ್ ಚಿತ್ರಾನ್ನದ ಬರಹಕ್ಕೆ 212. ಇಂಟರ್ನಲ್ಸ್ ಇದ್ದದ್ದರಿಂದ 19ಕ್ಕೆ ಏನೂ ಹಾಕಿರಲಿಲ್ಲ. 26ನೇ ತಾರೀಕಿನ ‘ರೂಮ್‌ಮೇಟ್ ಪ್ರಭೇದಗಳು’ 418. ನಡುವೆ ಇವನದ್ದು 6.

ಆರು.

ನಮ್ಮ ಚರ್ಚೆ ಹೆಚ್ಚು ಹೊತ್ತೇನೂ ನಡೀಲಿಲ್ಲ. ಹುಡುಗರಿಗೆ ಕ್ಲಾಸಿನಲ್ಲಿ ಸಾಕಾಗಿರತ್ತೆ, ಇಲ್ಲೂ ಮೋಟಾರ್ ಅಂದ್ರೆ ಯಾರು ಓದ್ತಾರೆ ಅಂತ ಒಬ್ಬರು. ಅಂಕಿಅಂಶ ಸುಳ್ಳು ಹೇಳಲ್ಲ ಅಂತ ಇನ್ನೊಬ್ಬರು. ಬರಹ ಬಂದಾಗ ‘ಇದು ಈ ವರ್ಷದ ಒಳ್ಳೇ ಬರಹ’ ಅಂದಿದ್ದವರೂ ನಾವೇ. ಆರು ಅನ್ನೋ ಅಂಕಿ ನೋಡಿದ ಮೇಲೆ ಆ ಮಾತು ಯಾರ ಬಾಯಿಂದಲೂ ಬರಲಿಲ್ಲ. ಮತ್ತೆ ಓದಿದಾಗ ಸ್ವಲ್ಪ ಉದ್ದ ಅನಿಸಿತು ಕೂಡ. ಅದೇ ಬರಹ, ಅದೇ ನಾವು.

ಅವನಿಗೆ ವಾಟ್ಸಾಪ್ ಮಾಡಿದೆವು: “ಬರಹ ಚೆನ್ನಾಗಿತ್ತು ಕಣೋ, ಆದ್ರೆ ರೀಚ್ ಆಗ್ಲಿಲ್ಲ. ಆರು ವ್ಯೂ ಅಷ್ಟೇ. ಮುಂದಿನ ಕಂತು ಸದ್ಯಕ್ಕೆ ಬೇಡ, ಕಾಮಿಡಿ ಏನಾದ್ರೂ ಇದ್ರೆ ಕಳ್ಸು.”

“ಪರವಾಗಿಲ್ಲ ಅಣ್ಣ” ಅಂತ ಬಂತು. ಹದಿನೈದು ದಿನ ಆದಮೇಲೆ ಲೇಖಕರ ಗುಂಪಿನಿಂದ ಅವನು ಹೊರಗೆ ಹೋಗಿದ್ದ. ಯಾವತ್ತು ಹೋದ ಅಂತಲೂ ನಾವು ಗಮನಿಸಿರಲಿಲ್ಲ.

ಅಕ್ಟೋಬರ್ ಪೂರ್ತಿ ಕಾಮಿಡಿ ಹಾಕಿದೆವು. ಅಂಕಿಗಳು ಏರಿದವು. ಆಗಸ್ಟಿನಲ್ಲಿ 1,540 ವೀಕ್ಷಣೆ ಇದ್ದದ್ದು ಅಕ್ಟೋಬರ್‌ನಲ್ಲಿ 3,212. ಎಂಗೇಜ್‌ಮೆಂಟ್ ರೇಟ್ ಅಂತ ಒಂದು ಇರತ್ತೆ, ಬಂದವರಲ್ಲಿ ಎಷ್ಟು ಜನ ನಿಜವಾಗಿ ನಿಂತು ನೋಡಿದರು ಅನ್ನೋದರ ಶೇಕಡಾ ಲೆಕ್ಕ. ಅದು 58ರಿಂದ 97ಕ್ಕೆ ಹಾರಿತ್ತು. ಎಲ್ಲವನ್ನೂ ಬಣ್ಣಬಣ್ಣದ ಚಾರ್ಟ್ ಮಾಡಿ, ಅಕ್ಟೋಬರ್ ಕೊನೆಯಲ್ಲಿ ಸರ್ ಕೈಗೆ ಕೊಟ್ಟೆವು. ಅವರು ಸಹಿ ಹಾಕಿದರು. ಮುಂದಿನ ವಾರದ ಸೋಮವಾರ ಸಮಿತಿ ಸಭೆ.

ಅದರ ಹಿಂದಿನ ಗುರುವಾರ ರಾತ್ರಿ, ಹೆಮ್ಮೆ ತಡೆಯಲಾರದೆ, ಆ ಪಟ್ಟಿಯ ಸ್ಕ್ರೀನ್‌ಶಾಟನ್ನು ಹಿಂದೆ ಈ ಪತ್ರಿಕೆ ನೋಡಿಕೊಳ್ತಿದ್ದ ಸೀನಿಯರ್ ಅಕ್ಕನಿಗೆ ಕಳಿಸಿದೆವು. ಅಭಿನಂದನೆ ಬರತ್ತೆ ಅಂದ್ಕೊಂಡಿದ್ವಿ. ಅಕ್ಕ ಕಳಿಸಿದ್ದು ಒಂದೇ ಸಾಲು: “ಎಲ್ಲಾ ಸಮಸಂಖ್ಯೆನೇ ಯಾಕಿದೆ?”

ಮತ್ತೆ ನೋಡಿದೆವು. 418. 386. 290. 174. 52. ಕೆಳಗೆ ಎಲ್ಲೋ ಒಂದೆರಡು ಬೆಸಸಂಖ್ಯೆ. ಉಳಿದದ್ದೆಲ್ಲ ಎರಡರಿಂದ ಭಾಗ ಆಗೋದೇ.

ಇದಾದ ಮೇಲೆ ನಿದ್ದೆ ಎಲ್ಲಿ. ಪತ್ರಿಕೆಯ ಪುಟ ತೆರೆದು ಕಂಟ್ರೋಲ್-ಯು ಒತ್ತಿ ಸೋರ್ಸ್ ನೋಡಿದೆವು. ನಮ್ಮ ಜಿ ಐಡಿ ಹುಡುಕಿದರೆ ಒಂದು ಕಡೆ ಅಲ್ಲ, ಎರಡು ಕಡೆ ಆ ತುಣುಕು ಕೂತಿದೆ. ಬ್ರೌಸರಿನ ಡೆವಲಪರ್ ಟೂಲ್ಸ್‌ನಲ್ಲಿ ನೆಟ್‌ವರ್ಕ್ ಟ್ಯಾಬ್ ತೆರೆದು ಪುಟ ರಿಫ್ರೆಶ್ ಮಾಡಿದೆವು. ಗೂಗಲಿಗೆ ‘ಒಂದು ಪುಟ ತೆರೆಯಿತು’ ಅನ್ನೋ ಸುದ್ದಿ ಎರಡು ಸಲ ಹೋಗ್ತಿದೆ. ಒಬ್ಬ ಓದುಗ, ಎರಡು ವೀಕ್ಷಣೆ. ಆ 97ರ ರಹಸ್ಯವೂ ಇದೇ. ಒಂದು ಭೇಟಿಯನ್ನು ಎಂಗೇಜ್ಡ್ ಅಂತ ಎಣಿಸೋದಕ್ಕೆ ಅದು 10 ಸೆಕೆಂಡಿಗಿಂತ ಹೆಚ್ಚು ನಡೆದಿರಬೇಕು, ಇಲ್ಲಾ ನಾವೇ ಮುಖ್ಯ ಅಂತ ಗುರುತು ಹಾಕಿದ ಕ್ರಿಯೆ ಏನಾದ್ರೂ ಆಗಿರಬೇಕು, ಇಲ್ಲಾ ಎರಡು ಪುಟ ವೀಕ್ಷಣೆ ಆಗಿರಬೇಕು. ನಮ್ಮಲ್ಲಿ ಬಂದ ಕ್ಷಣಕ್ಕೇ ಎರಡು ವೀಕ್ಷಣೆ ಆಗ್ತಿತ್ತು. ಲಿಂಕ್ ಒತ್ತಿ, ಛೇ ಅಂತ ತಕ್ಷಣ ಮುಚ್ಚಿದವನೂ ನಮ್ಮ ಲೆಕ್ಕದಲ್ಲಿ ತನ್ಮಯನಾಗಿ ಓದಿದವನು.

ಎರಡು ಸಲ ಹೇಗೆ ಬಂತು? ಅಂಗಳದಲ್ಲಿ ನಿಂತು ಒಬ್ಬರನ್ನೊಬ್ಬರು ಕೇಳಿಕೊಂಡಾಗ ಒಂದೊಂದೇ ಹೊರಬಂತು. ಸೆಪ್ಟೆಂಬರ್ 21ರ ಭಾನುವಾರ ನಮ್ಮಲ್ಲೊಬ್ಬರು ವಿಡಿಯೋ ನೋಡಿ, ಹೆಡರಿಗೆ ಕೋಡ್ ಸೇರಿಸಲಿಕ್ಕೆ ಇರೋ ಪ್ಲಗಿನ್ ಹಾಕಿ, ಅದರಲ್ಲಿ ಆ ತುಣುಕು ಕೂರಿಸಿದ್ದರು. ಕ್ರಮಬದ್ಧವಾಗಿ ಇರಲಿ ಅಂತ. ಹೇಳೋಷ್ಟು ದೊಡ್ಡ ಕೆಲಸ ಅನಿಸಲಿಲ್ಲವಂತೆ. ಅದೇ ಸಂಜೆ ಇನ್ನೊಬ್ಬರು ಬೇರೇನೋ ತಿದ್ದಲಿಕ್ಕೆ ಥೀಮಿನ ಹೆಡರ್ ಕಡತ ತೆರೆದಾಗ ಹಳೇ ತುಣುಕು ಕಾಣಲಿಲ್ಲ. ಈಗ ತಾನೇ ಕೈತಪ್ಪಿ ಅಳಿಸಿದೆನೇನೋ ಅಂತ ಗಾಬರಿಯಾಗಿ, ಯಾರಿಗೂ ಹೇಳದೆ ಮತ್ತೆ ಅಂಟಿಸಿದ್ದರು.

“ಒಂದ್ನಿಮಿಷ” ಅಂದಳು ನಮ್ಮಲ್ಲಿ ಅತಿ ಕಡಿಮೆ ಮಾತಾಡುವವಳು. “ಹಂಗಾದ್ರೆ ಮೊದಲು ಹಾಕಿದ್ದು ಎಲ್ಲಿ ಹೋಯ್ತು? ಯಾವತ್ತು ಹೋಯ್ತು?”

ಪಟ್ಟಿ ಬಿಟ್ಟು ದಿನವಾರು ಗ್ರಾಫ್ ತೆರೆದೆವು. ಅಷ್ಟು ದಿನವೂ ಅದು ಅಲ್ಲೇ ಇತ್ತು, ಪಟ್ಟಿಯ ಮೇಲೆಯೇ. ನಾವು ತಿಂಗಳ ಮೊತ್ತಗಳನ್ನು ಬಿಟ್ಟು ಬೇರೇನೂ ನೋಡಿರಲಿಲ್ಲ. ಸೆಪ್ಟೆಂಬರ್ 11ರವರೆಗೆ ಏರಿಳಿತ. 12ರಿಂದ 20ರವರೆಗೆ ಗೆರೆ ನೆಲಕ್ಕೆ ಅಂಟಿಕೊಂಡಿದೆ. ಒಂಬತ್ತು ದಿನ ಇಡೀ ಪತ್ರಿಕೆಗೆ ಒಬ್ಬನೇ ಒಬ್ಬ ಓದುಗ ಇಲ್ಲ. 11ರ ರಾತ್ರಿ ಥೀಮ್ ತನ್ನಷ್ಟಕ್ಕೆ ಅಪ್‌ಡೇಟ್ ಆಗಿತ್ತು. ಅಪ್‌ಡೇಟ್ ಆದ್ರೆ ಥೀಮಿನ ಕಡತಗಳು ಹೊಸದಾಗಿ ಬಂದು ಕೂರ್ತವೆ, ನಾವು ಕೈಯಲ್ಲಿ ಅಂಟಿಸಿದ್ದು ಹೋಗತ್ತೆ. ಚೈಲ್ಡ್ ಥೀಮ್ ಮಾಡ್ಕೊಳ್ಳಿ ಅಂತ ಕೆಂಪಕ್ಷರದಲ್ಲಿ ಬರೆಯೋದು ಅದಕ್ಕೇ.

12ರ ಶುಕ್ರವಾರ. ಮಾವನ ಅಂಗಡಿ.

ನಮ್ಮ ಬರಹಗಳನ್ನು ಜನ ಓದೋದೇ ಲಿಂಕ್ ಹಂಚಿದ ಮೊದಲ ಎರಡು ಮೂರು ದಿನ. ಆ ಮೂರೂ ದಿನ ಮೀಟರ್ ಇರಲೇ ಇಲ್ಲ. ಆ ‘ಆರು’ ಅನ್ನೋದು 21ರ ನಂತರ ಹತ್ತು ದಿನದಲ್ಲಿ ದಾರಿತಪ್ಪಿ ಬಂದ ಓದುಗರ ಲೆಕ್ಕ. ಅದೂ ಎರಡೆರಡು ಸಲ ಎಣಿಸಿದ್ದು. ಅಂದ್ರೆ ಮೂರು.

ಹಾಗಾದ್ರೆ ನಿಜವಾಗಿ ಎಷ್ಟು ಜನ ಓದಿದ್ರು? ಜಿಎ 4ನಲ್ಲಿ ಕಳೆದದ್ದು ಕಳೆದ ಹಾಗೇ, ಹಿಂದಕ್ಕೆ ಹೋಗಿ ತುಂಬೋ ದಾರಿ ಇಲ್ಲ. ಆದ್ರೆ ತಾಣ ಕೂತಿರೋ ಸರ್ವರ್ ತನ್ನದೇ ಒಂದು ದಿನಚರಿ ಇಡತ್ತೆ. ಯಾವ ಐಪಿ, ಎಷ್ಟು ಹೊತ್ತಿಗೆ, ಯಾವ ಪುಟ ಕೇಳಿತು, ಕೊಟ್ಟೆನೋ ಇಲ್ಲವೋ ಅಂತ ಒಂದೊಂದು ಸಾಲು. ಹೋಸ್ಟಿಂಗಿನ ಕಂಟ್ರೋಲ್ ಪ್ಯಾನಲ್‌ನಲ್ಲಿ ಸೆಪ್ಟೆಂಬರಿನ ಆಕ್ಸೆಸ್ ಲಾಗ್ ಜಿಪ್ ಆಗಿ ಬಿದ್ದಿತ್ತು. ಬ್ರೌಸರಿನಲ್ಲಿ ಯಾವ ತುಣುಕು ಓಡಲಿ ಬಿಡಲಿ, ಈ ದಿನಚರಿ ನಿಲ್ಲಲ್ಲ.

ಇಳಿಸಿಕೊಂಡು ಹುಡುಕಿದರೆ ‘ಮಾವನ’ ಅನ್ನೋ ಪದವೇ ಇಲ್ಲ. ಅರ್ಧ ಗಂಟೆ ತಲೆ ಕೆಡಿಸಿಕೊಂಡ ಮೇಲೆ ಹೊಳೀತು. ಯುಆರ್‌ಎಲ್‌ನಲ್ಲಿ ಕನ್ನಡ ಕನ್ನಡವಾಗಿ ಹೋಗಲ್ಲ. ಒಂದೊಂದು ಅಕ್ಷರಕ್ಕೂ ಒಂದೊಂದು ಸ್ವರಚಿಹ್ನೆಗೂ ಯುಟಿಎಫ್-8ನಲ್ಲಿ ಮೂರು ಬೈಟ್, ಪ್ರತಿ ಬೈಟಿಗೂ ಒಂದು ಪರ್ಸೆಂಟ್ ಗುರುತು ಮತ್ತು ಎರಡು ಹೆಕ್ಸ್ ಅಂಕಿ. ಒಟ್ಟು ಒಂಬತ್ತು ಜಾಗ. ವರ್ಡ್‌ಪ್ರೆಸ್ ಒಂದು ಬರಹದ ವಿಳಾಸಕ್ಕೆ ಕೊಡೋದೇ 200 ಜಾಗ. ಅಂದ್ರೆ ಇಪ್ಪತ್ತೆರಡು ಚಿಹ್ನೆಯೊಳಗೆ ಮುಗಿಯದ ಕನ್ನಡ ತಲೆಬರಹ ನಡುವೆಯೇ ತುಂಡಾಗತ್ತೆ. ಇವನ ಬರಹದ ವಿಳಾಸ ‘ಮಾವನ-ಅಂಗಡಿಯಲ್ಲಿ-ಕಲಿತ-ತ್ರ’ ಅನ್ನೋದಕ್ಕೇ ನಿಂತುಹೋಗಿತ್ತು. ತ್ರೀಯ ದೀರ್ಘವೂ ಇಲ್ಲ, ಫೇಸೂ ಇಲ್ಲ. ಬೇಕಾದ್ರೆ ಎಣಿಸಿ ನೋಡಿ, ಲೆಕ್ಕ ಸರಿಯಾಗತ್ತೆ. ಆ ಪರ್ಸೆಂಟ್ ಸರಮಾಲೆಯನ್ನೇ ಕಾಪಿ ಮಾಡಿ ಹುಡುಕಿದಾಗ ಸಾಲುಗಳು ಸುರಿದವು.

ಗೂಗಲಿನದ್ದು, ಬಿಂಗಿನದ್ದು, ಇನ್ಯಾರ್ಯಾರದ್ದೋ ಬಾಟ್‌ಗಳನ್ನು ತೆಗೆದೆವು. ನಮ್ಮ ಲಾಗಿನ್‌ಗಳಿಂದ ಬಂದದ್ದನ್ನು ತೆಗೆದೆವು. ಉಳಿದದ್ದು 174. ಬಾಟ್ ಅಂತ ಹೇಳಿಕೊಳ್ಳದೆ ಬರೋ ಬಾಟ್‌ಗಳೂ ಇರ್ತವಾದ್ದರಿಂದ ಲಾಗಿನ ಲೆಕ್ಕ ಸ್ವಲ್ಪ ಜಾಸ್ತಿಯೇ ತೋರಿಸತ್ತೆ. ಎಷ್ಟು ಜಾಸ್ತಿ ಅಂತ ತಿಳಿಯಲು ಮೀಟರ್ ಸರಿಯಾಗಿದ್ದ ದಿನಗಳ ಚಿತ್ರಾನ್ನದ ಬರಹವನ್ನೂ ಇದೇ ಜರಡಿಯಲ್ಲಿ ಹಾಕಿದೆವು. ಅನಲಿಟಿಕ್ಸ್ ಪ್ರಕಾರ 212 ಇದ್ದದ್ದು ಲಾಗಿನಲ್ಲಿ 260 ಬಂತು. ಅದೇ ಪ್ರಮಾಣದಲ್ಲಿ ಇಳಿಸಿದ್ರೆ ಮಾವನ ಅಂಗಡಿಗೆ ಸುಮಾರು 140. ಮೊದಲ ವಾರದಲ್ಲೇ. ಕಾಮಿಡಿ ಬರಹಗಳ ನಿಜವಾದ ಲೆಕ್ಕ, ಅರ್ಧ ಮಾಡಿದ ಮೇಲೆ, 193, 145, 87. ರೂಮ್‌ಮೇಟ್ ಒಂದು ಮಾತ್ರ 209.

ಲಾಗ್ ಕಡತವನ್ನು ಎಣಿಸಿ ಮುಗಿದ ಮೇಲೆ ನಮ್ಮ ಲ್ಯಾಪ್‌ಟಾಪಿನಿಂದ ಅಳಿಸಿದೆವು. ಅದರಲ್ಲಿ ಯಾರು ಎಷ್ಟು ರಾತ್ರಿ ಎಚ್ಚರ ಇದ್ರು ಅಂತೆಲ್ಲ ಊಹಿಸಬಹುದಾದ ಐಪಿ ವಿಳಾಸಗಳಿರ್ತವೆ. ಓದಲು ಬಂದವರನ್ನು ಅಷ್ಟು ಹತ್ತಿರದಿಂದ ನೋಡೋ ಹಕ್ಕು ನಮಗಿಲ್ಲ ಅನಿಸಿತು.

ಬೆಳಗಿನ ಜಾವ ಮೂರೂವರೆ. ಇನ್ನು ಉಳಿದದ್ದು ಸರ್ ವಿಷಯ. ಸುಮ್ಮನಿದ್ದರೆ ಯಾರಿಗೂ ಗೊತ್ತಾಗ್ತಿರಲಿಲ್ಲ. ಸಮಿತಿಯಲ್ಲಿ ಯಾರೂ ಸೋರ್ಸ್ ತೆರೆದು ನೋಡಲ್ಲ. ನಿಜದ ಲೆಕ್ಕ ಹೇಳಿದ್ರೆ ದುಡ್ಡು ಸಿಗದೆ ಹತ್ತು ವರ್ಷದ ಬರಹಗಳು ಹೋಗಬಹುದು ಅಂತ ನಮ್ಮಲ್ಲಿ ಇಬ್ಬರು ವಾದಿಸಿದರು. ಅವರ ವಾದದಲ್ಲಿ ಹುರುಳಿರಲಿಲ್ಲ ಅಂತ ಹೇಳಲ್ಲ. ಹೆದರಿಕೆ ಎಲ್ಲರಿಗೂ ಇತ್ತು. ಆದ್ರೆ ತಪ್ಪು ಅಂಕಿ ಇಟ್ಕೊಂಡು ಒಬ್ಬ ಹುಡುಗನ ಬರವಣಿಗೆ ನಿಲ್ಲಿಸಿದ್ದೇವೆ, ಈಗ ತಪ್ಪು ಅಂತ ಗೊತ್ತಿದ್ದೂ ಅದೇ ಅಂಕಿ ಇಟ್ಕೊಂಡು ದುಡ್ಡು ಕೇಳೋದು ಹೇಗೆ ಅನ್ನೋದಕ್ಕೆ ಆ ಇಬ್ಬರಲ್ಲೂ ಉತ್ತರ ಇರಲಿಲ್ಲ.

ಶುಕ್ರವಾರ ಬೆಳಿಗ್ಗೆ ತಿದ್ದಿದ ಹಾಳೆ ಹಿಡಿದು ಸರ್ ಛೇಂಬರಿಗೆ ಹೋದೆವು. ಅಕ್ಟೋಬರ್ ವೀಕ್ಷಣೆ 3,212 ಅಲ್ಲ, 1,606. ಎಂಗೇಜ್‌ಮೆಂಟ್ ರೇಟ್: ಗೊತ್ತಿಲ್ಲ. ಸೆಪ್ಟೆಂಬರ್: ಅಪೂರ್ಣ. ಎಲ್ಲ ಕೇಳಿಸಿಕೊಂಡು ಸರ್ ಮೇಜಿನ ಮೇಲಿದ್ದ ವರ್ನಿಯರ್ ಕ್ಯಾಲಿಪರ್ ಎತ್ತಿ ನಮ್ಮ ಮುಂದಿಟ್ಟು, “ಫಸ್ಟ್ ಸೆಮ್‌ನಲ್ಲಿ ಇದನ್ನ ಕೈಗೆ ಕೊಟ್ಟಾಗ ಮೊದಲು ಏನು ನೋಡು ಅಂತ ಹೇಳಿದ್ರು?” ಅಂದರು.

“ಝೀರೋ ಎರರ್ ಸರ್.”

“ಹ್ಞೂಂ.”

ಅಷ್ಟೇ. ಬೈಯಲಿಲ್ಲ. ಅದಕ್ಕಿಂತ ಬೈದಿದ್ರೆ ವಾಸಿ ಇತ್ತು. ಹಳೇ ಹಾಳೆ ಹರಿದು ಹೊಸದಕ್ಕೆ ಸಹಿ ಹಾಕಿದರು. ಸೋಮವಾರ ಸಮಿತಿಯಲ್ಲಿ ಮೂರು ವರ್ಷಕ್ಕೆ ಕೇಳಿದ್ದಕ್ಕೆ ಒಂದು ವರ್ಷಕ್ಕೆ ಒಪ್ಪಿದರು. ಮುಂದಿನ ನವೆಂಬರ್‌ಗೆ ಮತ್ತೆ ಲೆಕ್ಕ ಕೊಡಬೇಕು.

ಈಗ ಹೇಗಿದೆ ಅಂತ ಬೇರೆ ಸಂಘದವರಿಗೆ ಬೇಗ ಹೇಳಿಬಿಡ್ತೀವಿ. ತುಣುಕು ಒಂದೇ ಕಡೆ ಇದೆ, ಪ್ಲಗಿನ್‌ನಲ್ಲಿ. ಥೀಮ್ ಮುಟ್ಟಲ್ಲ. ಲಾಗಿನ್ ಆದವರನ್ನು ಎಣಿಸದ ಹಾಗೆ ಮಾಡಿದ್ದೇವೆ, ಇಲ್ಲಾಂದ್ರೆ ಕಾಗುಣಿತ ತಿದ್ದಲಿಕ್ಕೆ ನಾವು ನಲವತ್ತು ಸಲ ಪುಟ ತೆರೆದದ್ದೂ ಓದುಗರ ಲೆಕ್ಕಕ್ಕೆ ಹೋಗತ್ತೆ. ಟೈಮ್ ಜೋನ್ ಭಾರತದ್ದು. ಬದಲಿಸಿದ ದಿನದಿಂದ ಮುಂದಕ್ಕೆ ಮಾತ್ರ ಅದು ಅನ್ವಯ, ಹಳೆಯದು ಹಾಗೇ ಇರತ್ತೆ. ಡೇಟಾ ಉಳಿಸಿಕೊಳ್ಳೋ ಅವಧಿ ಸುಮ್ಮನೆ ಬಿಟ್ಟರೆ 2 ತಿಂಗಳು, ಅದನ್ನು 14 ಮಾಡಿ. ವಾಟ್ಸಾಪಿನಿಂದ ಬಂದವರು ವರದಿಯಲ್ಲಿ ‘ಡೈರೆಕ್ಟ್’ ಅನ್ನೋ ಗುಂಪಿಗೆ ಬೀಳ್ತಾರೆ, ಎಲ್ಲಿಂದ ಬಂದರು ಅಂತ ತಿಳಿಯಬೇಕಾದ್ರೆ ಲಿಂಕಿಗೆ ಯುಟಿಎಂ ಬಾಲ ಕಟ್ಟಿ ಕಳಿಸಿ. ಆ ಯು ಅನ್ನೋದು ಹಳೇ ಅರ್ಚಿನ್ ಕಂಪನಿಯ ಹೆಸರಿನದ್ದೇ. ಬರಹ ಹಾಕುವಾಗ ವಿಳಾಸವನ್ನು ಕೈಯಾರೆ ಚಿಕ್ಕದು ಮಾಡಿ. ಮತ್ತೆ ಒಂದು 60 ರೂಪಾಯಿಯ ಲಾಂಗ್‌ಬುಕ್ ತಂದಿಟ್ಟಿದ್ದೇವೆ. ತಾಣದಲ್ಲಿ ಯಾರು ಏನೇ ಮುಟ್ಟಿದರೂ ತಾರೀಕು ಹಾಕಿ ಬರೀಬೇಕು. ಇಷ್ಟರಲ್ಲಿ ಹೆಚ್ಚು ಕೆಲಸಕ್ಕೆ ಬಂದಿರೋದು ಆ ಲಾಂಗ್‌ಬುಕ್ಕೇ.

ಆ ಶುಕ್ರವಾರ ಸಂಜೆಯೇ ಅವನ ರೂಮಿಗೆ ಹೋದೆವು. ಡ್ರಾಯಿಂಗ್ ಶೀಟ್ ಹಾಸಿಕೊಂಡು ಕೂತಿದ್ದ. ನಾಲ್ಕು ಜನ ಒಟ್ಟಿಗೆ ಬಂದದ್ದು ನೋಡಿ ಗಾಬರಿಯಾಗಿ ಎದ್ದು ನಿಂತ. ಮಂಚದ ಮೇಲೆ ಕೂತು ಎಲ್ಲ ಹೇಳಿದೆವು. ಥೀಮು, ತುಣುಕು, ಒಂಬತ್ತು ದಿನ, ಆರು ಅಲ್ಲ ನೂರ ನಲವತ್ತು. ತಪ್ಪಾಯ್ತು ಕಣೋ ಅಂದೆವು.

ಅವನು ಸ್ವಲ್ಪ ಹೊತ್ತು ಸುಮ್ಮನಿದ್ದ. ಆಮೇಲೆ, “ಅದ್ರಲ್ಲಿ ಇಪ್ಪತ್ತು ಸಲ ನಾನೇ ಇರ್ತೀನಣ್ಣ” ಅಂದ. “ದಿನಾ ತೆಗೆದು ನೋಡ್ತಿದ್ದೆ. ಮಾವಂಗೂ ಕಳ್ಸಿದ್ದೆ, ಅವ್ರೂ ನೋಡ್ತಾ ಇದ್ರು.”

ನಾವು ನಕ್ಕೆವು, ಅವನೂ ನಕ್ಕ. ಆದ್ರೆ ಎರಡನೇ ಕಂತು ಹಾಕೋಣವಾ ಅಂತ ಕೇಳಿದಾಗ ನಗು ನಿಂತಿತು. ಆರು ಜನ ಅಂದಾಗ ಮಾವನಿಗೆ ಏನು ಹೇಳೋದು ಅಂತ ಗೊತ್ತಾಗಲಿಲ್ಲ ಅಂದ. ಅವರು ಫೋನ್ ಮಾಡಿದಾಗಲೆಲ್ಲ ‘ಮುಂದಿಂದು ಯಾವಾಗ ಬರತ್ತೋ’ ಅಂತ ಕೇಳ್ತಿದ್ರಂತೆ, ಇವನು ಪರೀಕ್ಷೆ ಇದೆ ಅಂತ ತಪ್ಪಿಸಿಕೊಳ್ತಿದ್ದನಂತೆ. “ಲ್ಯಾಬ್ ಎಕ್ಸಾಮ್ ಮುಗೀಲಿ ಅಣ್ಣ, ನೋಡೋಣ” ಅಂತ ಬಾಗಿಲವರೆಗೆ ಬಂದು ಕಳಿಸಿದ. ಒತ್ತಾಯ ಮಾಡೋ ಮುಖ ನಮಗಿರಲಿಲ್ಲ.

ಈ ಬರಹವನ್ನು ಹಾಕೋ ಮುಂಚೆ ಅವನಿಗೆ ತೋರಿಸಿದೆವು. ಹೆಸರು ಮಾತ್ರ ಬೇಡ ಅಂದ. ತಲೆಬರಹ ಹೇಳಿದ್ದೇವಲ್ಲ, ಹುಡುಕಿದರೆ ನಿಮಗೇ ಸಿಗತ್ತೆ.

ಮೊನ್ನೆ ಈ ವಾರದ ಬರಹ ಜೋಡಿಸಲಿಕ್ಕೆ ಡ್ಯಾಶ್‌ಬೋರ್ಡ್ ತೆರೆದಾಗ ಡ್ರಾಫ್ಟ್‌ಗಳ ಪಟ್ಟಿಯಲ್ಲಿ ‘ಮಾವನ ಅಂಗಡಿ – 2’ ಎಲ್ಲಕ್ಕಿಂತ ಮೇಲೆ ಬಂದಿತ್ತು. ಪಕ್ಕದಲ್ಲಿ ಕೊನೆಯ ಸಲ ತಿದ್ದಿದ ಹೊತ್ತು: ರಾತ್ರಿ 11:42. ಒಳಗೆ ಏನು ಬದಲಾಗಿದೆ ಅಂತ ನಾವು ತೆರೆದು ನೋಡಲಿಲ್ಲ. ಡಿಸೆಂಬರ್ ಎರಡನೇ ಶುಕ್ರವಾರದ ಜಾಗವನ್ನು ಖಾಲಿ ಬಿಟ್ಟಿದ್ದೇವೆ.